ಜೇಬಿನಲ್ಲಿ ಎಷ್ಟು ತೋಟೆ?

ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡ ಕೃಷಿಕರು ನಮ್ಮ ಕರಾವಳಿ, ಮಲೆನಾಡು, ಕೊಡಗಿನಲ್ಲಿ ಬಹಳ ಮಂದಿ ಇದ್ದಾರೆ. ನಾಲ್ಕು ಜನ ಸೇರಿದಲ್ಲಿ ಕೋವಿಯ ಮಾತು ಬಂತೆಂದರೆ ಲೈಸೆನ್ಸ್ ನವೀಕರಣದ ಓಡಾಟ, ಚುನಾವಣೆ ಬಂದಾಗ ಠಾಣೆಯಲ್ಲಿ ಇಡುವ ತೊಂದರೆ, ಹಂದಿಯ ಉಪದ್ರ, ಇವಿಷ್ಟೇ ವಿಷಯ. ರಾತ್ರಿ ತೋಟಕ್ಕಿಳಿಯುವಾಗ ನಳಿಗೆಯೊಳಗಿನ ತೋಟೆ ಬಿಟ್ಟು ಬೇರೆ ಎಷ್ಟು ಒಯ್ಯಬೇಕು ಎಂಬುದನ್ನು ಯಾರೂ ಮಾತಾಡುವುದಿಲ್ಲ. ಕೆಲವರು ಪೆಟ್ಟಿಗೆಗೆ ಕೈಹಾಕಿ ಸಿಕ್ಕಿದಷ್ಟನ್ನು ಜೇಬಿಗೆ ಸುರಿದುಕೊಳ್ಳುತ್ತಾರೆ. ಇನ್ನು ಕೆಲವರು 'ನಳಿಗೆಯಲ್ಲಿದ್ದದ್ದೇ ಸಾಕು ಮಾರಾಯರೇ, ಯುದ್ಧಕ್ಕೆ ಹೋಗುವುದಾ?' ಎನ್ನುತ್ತಾರೆ.

ನನ್ನದು ಜೋಡು ನಳಿಗೆಯ 12 ಬೋರ್ ತೋಟೆ ಕೋವಿ. ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ: ನಳಿಗೆಗೆ ಎರಡು, ಸೊಂಟದ ಚೀಲದಲ್ಲಿ ಎರಡು. ಒಟ್ಟು ನಾಲ್ಕು. ಒಂಟಿ ನಳಿಗೆಯವರಿಗೆ ಒಂದು ಮತ್ತು ಎರಡು, ಒಟ್ಟು ಮೂರು ಸಾಕು. ಯಾಕೆ ಇಷ್ಟೇ, ಯಾಕೆ ಅಷ್ಟಾದರೂ ಬೇಕು ಎಂಬುದನ್ನು ವಿವರಿಸಲು ಈ ಬರಹ.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ಕೋವಿಯ ಲೈಸೆನ್ಸ್ ಬೇರೆ, ಪ್ರಾಣಿ ಕೊಲ್ಲುವ ಅನುಮತಿ ಬೇರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಕಾಡುಹಂದಿ ಎರಡನೇ ಶೆಡ್ಯೂಲಿನಲ್ಲಿದೆ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಅದಕ್ಕೆ ಈಡು ಹೊಡೆಯುವಂತಿಲ್ಲ. ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳುವ ಹಕ್ಕು ಮಾತ್ರ ಕಾಯ್ದೆಯಲ್ಲೇ ಉಂಟು. ಹಾಗಾಗಿ ನಮ್ಮ ಪ್ರಶ್ನೆ 'ಎಷ್ಟು ಹೊಡೆಯಬಹುದು' ಎಂದಲ್ಲ. 'ಕತ್ತಲೆಯಲ್ಲಿ ಒಬ್ಬನೇ ಇರುವಾಗ ಕೋವಿ ಕೈಕೊಟ್ಟರೆ ಏನು' ಎಂಬುದು.

ಹೆಚ್ಚುವರಿ ಯಾವುದಕ್ಕೆ?

ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ಊರಿಗೆ ಬಂದಿದ್ದಾಗ ಅಲ್ಲಿನ ಕತೆ ಹೇಳಿದ. ಅಲ್ಲಿ ಎಷ್ಟೋ ಮಂದಿ ಸ್ವರಕ್ಷಣೆಗೆಂದು ಅಂಗಿಯೊಳಗೆ ಪಿಸ್ತೂಲು ಸಿಕ್ಕಿಸಿಕೊಂಡೇ ದಿನನಿತ್ಯ ಓಡಾಡುತ್ತಾರೆ. ಹೊರಗೆ ಹೊರಡುವಾಗ ಇನ್ನೊಂದು ತುಂಬಿದ ಮ್ಯಾಗಜಿನ್ ಇಟ್ಟುಕೊಳ್ಳಬೇಕೇ ಬೇಡವೇ ಎಂಬುದು ಅವರಲ್ಲಿ ಮುಗಿಯದ ಚರ್ಚೆಯಂತೆ. 'ಅಷ್ಟು ಗುಂಡು ಮುಗಿಯುವ ಸಂದರ್ಭ ಬರುವುದೇ ಇಲ್ಲ' ಎಂದು ಒಂದು ಪಕ್ಷ. ಇನ್ನೊಂದು ಪಕ್ಷದ ವಾದ ಬೇರೆಯೇ. ಪಿಸ್ತೂಲಿನಲ್ಲಿ ಬೇಗ ಕೆಡುವ ಭಾಗ ಮ್ಯಾಗಜಿನ್. ಅದರ ಸ್ಪ್ರಿಂಗ್ ಸೋತರೆ, ತುಟಿ ಬಗ್ಗಿದರೆ ಗುಂಡು ಮೇಲೆ ಬರುವುದಿಲ್ಲ. ಇನ್ನೊಂದು ಬೇಕಾದದ್ದು ಗುಂಡು ಹೆಚ್ಚಾಗಲಿ ಎಂದಲ್ಲ, ಕೆಟ್ಟದ್ದನ್ನು ತೆಗೆದು ಬದಲಿ ಹಾಕಲು.

ಈ ಎರಡನೇ ವಾದದಲ್ಲಿ ನಮಗೂ ತೆಗೆದುಕೊಳ್ಳುವ ಮಾತುಂಟು. ನಮ್ಮ ತೋಟೆ ಕೋವಿಗೆ ಮ್ಯಾಗಜಿನ್ ಇಲ್ಲ. ಮುರಿದು ಕೈಯಲ್ಲೇ ತುಂಬುವುದು. ಹಾಗಾದರೆ ನಮ್ಮಲ್ಲಿ ಬೇಗ ಕೈಕೊಡುವುದು ಯಾವುದು? ನನ್ನ ಅನುಭವದಲ್ಲಿ ತೋಟೆಯೇ. ಮೂರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ಕಪಾಟಿನಲ್ಲಿ ಎರಡು ಮೂರು ಮಳೆಗಾಲ ಕಳೆದ ತೋಟೆಯ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ತೇವ ಕೇಪಿನ ಸುತ್ತಲಿಂದಲೂ ಬಾಯಿಯ ಮಡಿಕೆಯಿಂದಲೂ ಒಳಗೆ ಇಳಿಯುತ್ತದೆ. ಹಳೆಯ ಕಾಗದದ ತೋಟೆಯಾದರೆ ಉಬ್ಬಿ ನಳಿಗೆಗೆ ಇಳಿಯುವುದೇ ಇಲ್ಲ. ಪ್ಲಾಸ್ಟಿಕ್ಕಿನದು ಉಬ್ಬುವುದಿಲ್ಲ ಎಂಬ ಧೈರ್ಯ ಬೇಡ, ಅದರ ಬುಡವೂ ಲೋಹವೇ.

ಇಂತಹ ತೋಟೆ 'ಟಿಕ್' ಎಂದು ಸುಮ್ಮನಾದಾಗ ಬದಲಿ ಹಾಕಲು ಎರಡು ಬೇಕು. ಎರಡಕ್ಕಿಂತ ಹೆಚ್ಚು ಬೇಕಾದರೆ ತೊಂದರೆ ಇರುವುದು ಚೀಲದಲ್ಲಲ್ಲ, ಮನೆಯ ದಾಸ್ತಾನಿನಲ್ಲಿ. ಆ ದಾಸ್ತಾನು ನೋಡಿಕೊಳ್ಳಿ.

ಟಿಕ್ ಎಂದಾಗ ಅವಸರ ಬೇಡ

ಬದಲಿ ತೋಟೆ ಕೈಯಲ್ಲಿದ್ದವರು ಮಾಡುವ ದೊಡ್ಡ ಅಪಾಯದ ಕೆಲಸವೆಂದರೆ ತಕ್ಷಣ ಕೋವಿ ಮುರಿಯುವುದು. ತೇವ ತಾಗಿದ ತೋಟೆ ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಮುರಿದ ಕೋವಿಯಲ್ಲಿ ಅದು ಸಿಡಿದರೆ ಬುಡ ನೇರ ಮುಖಕ್ಕೆ. ನಳಿಗೆಯ ಬಾಯಿಯನ್ನು ಯಾರೂ ಇಲ್ಲದ ಕಡೆ, ಬರೆಯ ಮಣ್ಣಿಗೆ ಹಿಡಿದು ನಿಧಾನವಾಗಿ ಅರವತ್ತರವರೆಗೆ ಎಣಿಸಿ. ಅನಂತರ ಮುರಿಯಿರಿ.

ಇನ್ನೊಂದು, ಸದ್ದು ಎಂದಿನಂತಿಲ್ಲದೆ 'ಪುಸ್' ಎಂದರೆ ಬದಲಿ ತೋಟೆ ಹಾಕಲೇಬಾರದು. ಒಳಗಿನ ಬಿರಡೆಯೋ ಚರೆಯೋ ನಳಿಗೆಯ ಮಧ್ಯೆ ಸಿಕ್ಕಿಕೊಂಡಿರುವುದು ಸಾಧ್ಯ. ಅದರ ಹಿಂದೆ ಮತ್ತೊಂದು ಈಡು ಹೊಡೆದರೆ ನಳಿಗೆ ಒಡೆಯುತ್ತದೆ. ನಳಿಗೆಯ ಕೆಳಗೆ ಇರುವುದು ನಮ್ಮದೇ ಎಡಗೈ. ತೋಟೆ ತೆಗೆದು, ಹಿಂದಿನಿಂದ ನೋಡಿದಾಗ ನಳಿಗೆ ಆಚೆವರೆಗೆ ಸ್ವಚ್ಛ ಕಂಡರೆ ಮಾತ್ರ ಮುಂದಿನ ಮಾತು. ಟಾರ್ಚಿನ ಬೆಳಕಿನಲ್ಲಿ ಸರಿಯಾಗಿ ಕಾಣದಿದ್ದರೆ ಅಂದಿನ ಕಾವಲು ಅಲ್ಲಿಗೆ ಮುಗಿಯಿತು, ಮನೆಗೆ ಬನ್ನಿ.

ಜೇಬಿನಲ್ಲಿ ಬೆರಕೆ ಬೇಡ

ಮುಷ್ಟಿ ತುಂಬ ತೋಟೆ ಒಯ್ಯುವುದರ ದೊಡ್ಡ ದೋಷ ಭಾರವಲ್ಲ. 12 ಬೋರಿನ ತೋಟೆ ಒಂದು ಸುಮಾರು 50 ಗ್ರಾಂ, ಹತ್ತಾದರೆ ಅರ್ಧ ಕಿಲೋ, ಅಷ್ಟೇ. ದೋಷ ಇರುವುದು ಬೆರಕೆಯಲ್ಲಿ. ಕತ್ತಲೆಯಲ್ಲಿ ಕೈಗೆ ಸಿಕ್ಕಿದ್ದು ಯಾವುದೆಂದು ತಿಳಿಯುವುದಿಲ್ಲ.

ಎಲ್.ಜಿ., ಎಸ್.ಜಿ. ಎಂಬ ದಪ್ಪ ಚರೆಯ ತೋಟೆಯೂ ಆರನೇ ನಂಬರಿನ ಸಣ್ಣ ಚರೆಯ ತೋಟೆಯೂ ಮುಟ್ಟಿದರೆ ಒಂದೇ. ಆದರೆ ಸಣ್ಣ ಚರೆ ಇನ್ನೂರು ಮುನ್ನೂರು ಮೀಟರಿನೊಳಗೆ ಬಿದ್ದುಹೋದರೆ, ಎಲ್.ಜಿ.ಯ ಚರೆ ಅರ್ಧ ಕಿಲೋಮೀಟರಿಗೂ ಆಚೆ ಹೋಗಬಲ್ಲದು. ನಮ್ಮ ತೋಟಗಳೋ ಒಂದಕ್ಕೊಂದು ತಾಗಿ ಇರುವಂಥವು. ನಡುವೆ ಒಂದು ತೋಡು, ಆಚೆ ನೆರೆಯವರ ಕೊಟ್ಟಿಗೆ, ಅದರಾಚೆ ರಸ್ತೆ. ಯಾವ ಚರೆ ಎಂದು ತಿಳಿಯದೆ ಹೊಡೆಯುವುದು ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ಹೊಡೆದಂತೆ.

ಎರಡನೆಯದು ಬೋರ್. ಮನೆಯಲ್ಲಿ 12 ಬೋರ್, 20 ಬೋರ್ ಎರಡೂ ಇದ್ದವರು ಇದನ್ನು ಗೋಡೆಯ ಮೇಲೆ ಬರೆದಿಡಬೇಕು. 20 ಬೋರಿನ ತೋಟೆ 12ರ ನಳಿಗೆಗೆ ಹಾಕಿದರೆ ಬುಡದಲ್ಲಿ ನಿಲ್ಲದೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ನೋಡುವವನಿಗೆ ನಳಿಗೆ ಖಾಲಿ ಕಾಣುತ್ತದೆ. ಹಿಂದಿನಿಂದ 12ರದ್ದು ಹಾಕಿ ಹೊಡೆದರೆ ಮುಂದಿನದೂ ಸೇರಿ ಸಿಡಿದು ನಳಿಗೆ ಚೂರಾಗುತ್ತದೆ. ಈ ಅಪಾಯಕ್ಕಾಗಿಯೇ 20 ಬೋರಿಗೆ ಹಳದಿ ಬಣ್ಣ ಎಂಬ ರೂಢಿ ಹಲವು ದೇಶಗಳ ತಯಾರಕರಲ್ಲಿ ಬಂದಿದೆ. ಕತ್ತಲೆಯಲ್ಲಿ ಹಳದಿಯೂ ಕಪ್ಪೇ. ಆದ್ದರಿಂದ ಎರಡು ಬೋರಿನ ತೋಟೆ ಒಂದೇ ಚೀಲಕ್ಕೆ ಎಂದೂ ಹೋಗಬಾರದು.

ಮೂರನೆಯದು ಉದ್ದ. ಅಜ್ಜನ ಕಾಲದ ಇಂಗ್ಲಿಷ್ ಕೋವಿ ನಮ್ಮಲ್ಲಿ ಈಗಲೂ ಇವೆ. ಅವುಗಳಲ್ಲಿ ಹಲವು ಎರಡೂವರೆ ಇಂಚಿನ, ಅಂದರೆ 65 ಮಿ.ಮೀ. ತೋಟೆಗೆ ಮಾಡಿದವು. ಈಗ ಅಂಗಡಿಯಲ್ಲಿ 70 ಮಿ.ಮೀ. ತೋಟೆಯೂ ಸಿಗುತ್ತದೆ. ಅದು ಹಳೆಯ ಕೋವಿಗೂ ಸಲೀಸಾಗಿ ಇಳಿಯುತ್ತದೆ. ಮೋಸ ಅಲ್ಲೇ ಇರುವುದು. ಪೆಟ್ಟಿಗೆಯ ಮೇಲೆ ಬರೆದ ಅಳತೆ ಹೊಡೆದು ಬಾಯಿ ಬಿಚ್ಚಿದ ಮೇಲಿನ ಉದ್ದ, ಮಡಚಿದ ಬಾಯಿಯದ್ದಲ್ಲ. ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಹಳೆಯ ನಳಿಗೆಗೆ ಇದು ಒಳ್ಳೆಯದಲ್ಲ. ನಿಮ್ಮ ಕೋವಿಯ ಅಳತೆಯನ್ನು ತಿಳಿದವರಿಂದ ಒಮ್ಮೆ ನೋಡಿಸಿ, ಲೈಸೆನ್ಸ್ ಪುಸ್ತಕದೊಳಗೆ ಒಂದು ಚೀಟಿಯಲ್ಲಿ ಬರೆದಿಡಿ.

ಕೇಪಿನ ಕೋವಿಯವರಿಗೆ 'ಹೆಚ್ಚುವರಿ' ಎಂದರೆ ಮದ್ದು, ಕೇಪು, ಚರೆ. ಒಂದು ಈಡಿನಷ್ಟನ್ನು ಮಾತ್ರ ಅಳೆದು ಸಣ್ಣ ಮುಚ್ಚಳದ ಕುಪ್ಪಿಯಲ್ಲಿ ಒಯ್ಯಿರಿ. ಮದ್ದಿನ ಡಬ್ಬಿಯಿಂದ ನೇರ ನಳಿಗೆಗೆ ಸುರಿಯಬೇಡಿ. ಒಳಗೆ ಕಿಡಿ ಉಳಿದಿದ್ದರೆ ಡಬ್ಬಿಗೇ ಹತ್ತುತ್ತದೆ. ಮದ್ದು ಜಡಿಯುವ ಗಜಕ್ಕೆ ಖಾಲಿ ನಳಿಗೆಯ ಅಳತೆಗೆ ಒಂದು ಗೆರೆ, ತುಂಬಿದ ನಳಿಗೆಯ ಅಳತೆಗೆ ಇನ್ನೊಂದು ಗೆರೆ ಕೊರೆದಿಟ್ಟರೆ ಎರಡು ಸಲ ತುಂಬುವ ಅಪಾಯ ತಪ್ಪುತ್ತದೆ.

ಲೆಕ್ಕ ತಪ್ಪಿದ ಒಂದು ತೋಟೆ

ನಾಲ್ಕೇ ಸಾಕು ಎನ್ನಲು ನನಗಿರುವ ಮುಖ್ಯ ಕಾರಣ ಇದು. ನಾಲ್ಕು ಒಯ್ದರೆ ನಾಲ್ಕರ ಲೆಕ್ಕ ಮಲಗುವ ಮೊದಲು ಸಿಗುತ್ತದೆ. ಮುಷ್ಟಿ ತುಂಬ ಒಯ್ದವನಿಗೆ ಎಷ್ಟು ಒಯ್ದೆ ಎಂಬುದೇ ಗೊತ್ತಿಲ್ಲ. ಮತ್ತೆ ಎಷ್ಟು ಉಳಿದಿದೆ ಎಂದು ಹೇಗೆ ತಿಳಿಯಬೇಕು?

ಜೇಬಿನಲ್ಲಿ ಮರೆತ ತೋಟೆ ಒಗೆಯುವ ಕಲ್ಲಿಗೆ ಹೋಗುತ್ತದೆ. ತೋಡು ದಾಟುವಾಗ ಬಿದ್ದದ್ದು ಅಡಿಕೆ ಹೆಕ್ಕುವ ಮಕ್ಕಳ ಕೈಗೆ ಸಿಗುತ್ತದೆ. ತರಗೆಲೆಯೊಂದಿಗೆ ಗುಡಿಸಿ ಬಚ್ಚಲೊಲೆಗೆ ಹಾಕಿದರೆ ಒಲೆಯ ಬುಡದಲ್ಲಿ ಕೂತವರ ಗತಿ ಏನು? ತೋಟೆ ಸಿಡಿಯಲು ಕೋವಿಯೇ ಬೇಕೆಂದಿಲ್ಲ. ಬೆಂಕಿಯಲ್ಲಿ ಚರೆ ದೂರ ಹೋಗದಿರಬಹುದು, ಬುಡದ ಲೋಹದ ಚೂರು ಕಣ್ಣು ತೆಗೆಯಲು ಸಾಕು.

ಕಾನೂನಿನ ಕಣ್ಣಿನಲ್ಲೂ ತೋಟೆ ಎಂದರೆ ಕೋವಿಯಷ್ಟೇ ದೊಡ್ಡ ಸಂಗತಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕು. ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ನಿಮ್ಮ ಲೈಸೆನ್ಸಿನಲ್ಲೇ ಬರೆದಿರುತ್ತದೆ, ಒಮ್ಮೆ ಓದಿ ನೋಡಿ. ನೆರೆಯವರು 'ಎರಡು ತೋಟೆ ಕೊಡಿ, ನಾಳೆ ತಂದುಕೊಡುತ್ತೇನೆ' ಎಂದರೆ ಸಕ್ಕರೆಯಂತೆ ಕಡ ಕೊಡಲು ಬರುವುದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. ಮಕ್ಕಳ ಕೈಗೆ ಸಿಕ್ಕ ತೋಟೆಗೆ ಆ ವಿನಾಯಿತಿ ಇಲ್ಲವಲ್ಲ!

ತೋಟಕ್ಕೆ ಒಯ್ದ ಚೀಲವನ್ನೇ ಪ್ರಯಾಣಕ್ಕೆ ತೆಗೆದುಕೊಂಡು ಹೋಗಬೇಡಿ. ಚೀಲದ ಮೂಲೆಯಲ್ಲಿ ಉಳಿದ ಒಂದು ತೋಟೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಂಡುಬಂದು ಮೊಕದ್ದಮೆಯಾದ ಪ್ರಕರಣಗಳು ದೇಶದಲ್ಲಿ ಹಲವು ನಡೆದಿವೆ. ವಸ್ತು ತನ್ನಲ್ಲಿದೆ ಎಂಬ ಅರಿವಿದ್ದರೆ ಮಾತ್ರ ಅದು ಅಪರಾಧದ 'ಸ್ವಾಧೀನ' ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಅದರ ಆಧಾರದಲ್ಲಿ ಬಿಡುಗಡೆಯಾದವರೂ ಇದ್ದಾರೆ. ಆದರೆ ಅಷ್ಟರಲ್ಲಿ ವಿಮಾನ ಹೋಗಿರುತ್ತದೆ, ವಕೀಲರ ಖರ್ಚಿಗೆ ಒಂದು ಕೊಯ್ಲಿನ ಅಡಿಕೆಯೂ ಹೋಗಿರುತ್ತದೆ.

ನಾನು ನಡೆಸುವ ಕ್ರಮ

* ಸೊಂಟದ ಪಟ್ಟಿಗೆ ಸಿಕ್ಕಿಸುವ ಮುಚ್ಚಳವಿರುವ ಚೀಲ. ಅದರಲ್ಲಿ ಎರಡೇ ತೋಟೆ, ಒಂದೇ ನಂಬರಿನವು, ಬುಡ ಮೇಲೆ. ಕವಳದ ಸಾಮಾನು, ಚೂರಿ, ಚಿಲ್ಲರೆ ಯಾವುದೂ ಅದರೊಳಗೆ ಇಲ್ಲ.
* ಹೊಡೆದ ಖಾಲಿ ತೋಟೆ ಅಂಗಿಯ ಜೇಬಿಗೆ, ಚೀಲಕ್ಕೆ ಎಂದೂ ಇಲ್ಲ. ಬದಲಿ ಎಂದು ತೆಗೆದದ್ದು ಖಾಲಿಯಾಗಿರಬಾರದು.
* ತೋಡು, ಬೇಲಿ, ಸಂಕ ದಾಟುವಾಗ ನಳಿಗೆ ಖಾಲಿ. ಮನೆಯ ಮೆಟ್ಟಲು ಹತ್ತುವ ಮೊದಲೂ ಖಾಲಿ.
* ಬಂದ ಕೂಡಲೇ ಎಣಿಕೆ. ಕಪಾಟಿನ ಬಾಗಿಲೊಳಗೆ ಅಂಟಿಸಿದ ಕಾಗದದಲ್ಲಿ ತಾರೀಕು, ಒಯ್ದದ್ದು, ತಂದದ್ದು. ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ.
* ದಾಸ್ತಾನು ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ. ಪೆಟ್ಟಿಗೆಯ ಮೇಲೆ ಕೊಂಡ ತಿಂಗಳು. ಹಳೆಯದು ಮೊದಲು ಖರ್ಚು.
* ತೋಟೆಗೆ ಎಣ್ಣೆ ಸವರುವುದಿಲ್ಲ. ಎಣ್ಣೆ ಕೇಪಿನೊಳಗೆ ಇಳಿದು ಅದನ್ನು ಕೊಲ್ಲುತ್ತದೆ. ತೇವ ತೆಗೆಯಲೆಂದು ಅಡಿಕೆ ಒಣಗಿಸುವ ಅಟ್ಟದಲ್ಲೋ ಒಲೆಯ ಪಕ್ಕದಲ್ಲೋ ಇಡುವುದಿಲ್ಲ.
* ಕಿಲುಬು ಹಿಡಿದದ್ದು, ಉಬ್ಬಿದ್ದು ಬೇರೆ ಡಬ್ಬಿಗೆ. ಅದನ್ನು ಬಾವಿಗೆ, ಒಲೆಗೆ ಹಾಕುವುದಲ್ಲ. ಪರವಾನಗಿ ಇರುವ ಕೋವಿ ಅಂಗಡಿಯಲ್ಲೋ ಠಾಣೆಯಲ್ಲೋ ಕೇಳಿ ಒಪ್ಪಿಸುವುದು.

ಟಾರ್ಚಿಗೆ ಮಾತ್ರ ಹೆಚ್ಚುವರಿ ಇರಲಿ

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತು. ರಾತ್ರಿಯ ತೋಟದಲ್ಲಿ ಮೂರನೇ, ನಾಲ್ಕನೇ ತೋಟೆಗಿಂತ ಎರಡನೇ ಟಾರ್ಚು ದೊಡ್ಡದು. ಹಂದಿ ಎಂದು ತಿಳಿದು ಮನುಷ್ಯನಿಗೆ ಈಡು ತಾಗಿದ ಸುದ್ದಿ ನಮ್ಮ ಕಡೆ ಮತ್ತೆ ಮತ್ತೆ ಓದುತ್ತೇವೆ. ಅಲ್ಲೆಲ್ಲ ಕೊರತೆಯಾದದ್ದು ತೋಟೆಯದ್ದಲ್ಲ, ಬೆಳಕಿನದ್ದು ಮತ್ತು ತಾಳ್ಮೆಯದ್ದು. ಹಣೆಗೆ ಕಟ್ಟುವ ಟಾರ್ಚು ಒಂದು, ಕೈಯಲ್ಲಿ ಇನ್ನೊಂದು, ಎರಡೂ ಚಾರ್ಜಾದದ್ದು ಇರಲಿ. ಕಣ್ಣು ಹೊಳೆದದ್ದು ಕಂಡರೆ ಸಾಲದು, ಇಡೀ ಮೈ ಕಾಣಬೇಕು, ಅದರ ಹಿಂದೆ ಏನಿದೆ ಎಂಬುದೂ ಕಾಣಬೇಕು. ಬರೇ ಸದ್ದು ಮಾಡಿ ಓಡಿಸುವುದಾದರೆ ಗರ್ನಾಲು ಸಾಕು, ಅದಕ್ಕೆ ತೋಟೆ ಯಾಕೆ ಖರ್ಚು?

ತೋಟಕ್ಕೆ ಹೋಗುತ್ತೇನೆ ಎಂದು ಮನೆಯವರಿಗೆ ಹೇಳಿ, ಯಾವ ದಿಕ್ಕಿಗೆಂದೂ ಹೇಳಿ. ಪಕ್ಕದ ತೋಟದವರಿಗೆ ಒಂದು ಫೋನು ಮಾಡಿ. ಅವರೂ ಅದೇ ಹಂದಿಯನ್ನು ಕಾಯುತ್ತಾ ಬೇಲಿಯಾಚೆ ಕೂತಿರಬಹುದು.

ನಾಲ್ಕು ತೋಟೆಯ ನನ್ನ ಲೆಕ್ಕ ಎಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ. ಕಾಡಂಚಿನ ತೋಟದವರಿಗೆ ಬೇರೆ ಅನುಭವ ಇದ್ದೀತು. ಎಷ್ಟು ಒಯ್ಯುತ್ತೀರಿ, ಮಳೆಗಾಲದಲ್ಲಿ ತೋಟೆ ಕೆಡದಂತೆ ಹೇಗೆ ಇಡುತ್ತೀರಿ ಎಂದು ನೀವೂ ಬರೆಯಿರಿ. ಅಷ್ಟರವರೆಗೆ, ಇವತ್ತು ಸಂಜೆ ಹಳೆಯ ಅಂಗಿ, ಕೋಟು, ಚೀಲಗಳ ಜೇಬನ್ನೆಲ್ಲ ಒಮ್ಮೆ ತಡಕಿ ನೋಡಿ.