ಸೆಂಟು ಬೇಗ ಆರುವುದೇಕೆ?

ಪ್ರಶ್ನೆ: ಬೆಳಿಗ್ಗೆ ಹಾಕಿಕೊಂಡ ಸೆಂಟಿನ ಪರಿಮಳ ಮಧ್ಯಾಹ್ನಕ್ಕೇ ಮಾಯವಾಗುತ್ತದೆ. ಹೆಚ್ಚು ಹೊತ್ತು ಉಳಿಯಲು ಏನು ಮಾಡಬೇಕು?

ಉತ್ತರ: ಮೊದಲು ಸೀಸೆಯ ಮೇಲಿನ ಬರಹ ನೋಡಿ. ‘ಓ ದ ತ್ವಾಲೆತ್’ ಎಂದಿದ್ದರೆ ಸುಗಂಧ ತೈಲದ ಪಾಲು ಸಾಮಾನ್ಯವಾಗಿ ಶೇ. 5ರಿಂದ 15, ‘ಓ ದ ಪರ್ಫ್ಯೂಮ್’ನಲ್ಲಿ ಶೇ. 15ರಿಂದ 20. ಉಳಿದದ್ದು ಬಹುಪಾಲು ಆಲ್ಕೋಹಾಲ್, ಬಹಳ ಬೇಗ ಆರುವಂಥದ್ದು. ಅದರ ಬೆನ್ನಿಗೇ ನಿಂಬೆ, ಕಿತ್ತಳೆಯ ಹಗುರ ಅಣುಗಳೂ ಹಾರಿಹೋಗುತ್ತವೆ. ಶ್ರೀಗಂಧದ ಸ್ಯಾಂಟಲಾಲ್ ಹಾಗಲ್ಲ, ಭಾರವಾದ ಅಣು. ನಿಧಾನವಾಗಿ ಆವಿಯಾಗುತ್ತದೆ, ಜೊತೆಯ ಪರಿಮಳಗಳನ್ನೂ ಹಿಡಿದಿಡುತ್ತದೆ. ಕನೌಜಿನ ಅತ್ತರುಗಾರರು ಗುಲಾಬಿ, ಮಲ್ಲಿಗೆಯ ಆವಿಯನ್ನು ಗಂಧದೆಣ್ಣೆಗೇ ಇಳಿಸುತ್ತಾ ಬಂದಿರುವುದು ಈ ಗುಣಕ್ಕಾಗಿಯೇ. ನಮ್ಮ ಮೈಸೂರು ಗಂಧದೆಣ್ಣೆ ಹೊರದೇಶಗಳ ಸುಗಂಧ ತಯಾರಕರಿಗೂ ಅಚ್ಚುಮೆಚ್ಚಾದದ್ದು ಸುಮ್ಮನೆ ಅಲ್ಲ.

ಒಣ ಚರ್ಮದಲ್ಲಿ ಪರಿಮಳ ನಿಲ್ಲದು. ಸ್ನಾನವಾದ ಮೇಲೆ ವಾಸನೆಯಿಲ್ಲದ ಮಾಯಿಶ್ಚರೈಸರನ್ನೋ ಚೂರು ವ್ಯಾಸಲೀನನ್ನೋ ಸವರಿ, ಅದರ ಮೇಲೆ ಸಿಂಪಡಿಸಿ. ಮಣಿಕಟ್ಟುಗಳನ್ನು ಉಜ್ಜಬೇಡಿ, ತಾನಾಗಿ ಆರಲಿ. ಬಟ್ಟೆಯ ಮೇಲೆ ಪರಿಮಳ ಮೈಗಿಂತ ಹೆಚ್ಚು ಹೊತ್ತು ಉಳಿಯುತ್ತದೆ. ಆದರೆ ರೇಷ್ಮೆ ಸೀರೆಗೆ ಮಾತ್ರ ಬೇಡವೇ ಬೇಡ, ಕಲೆ ಬಿದ್ದೀತು.

ಸೀಸೆಯನ್ನು ಬಚ್ಚಲುಮನೆಯಲ್ಲೋ ಕಿಟಕಿಯ ಪಕ್ಕವೋ ಇಡುವುದು ತಪ್ಪು. ಶಾಖ, ಬೆಳಕು, ಗಾಳಿ ಮೂರೂ ಅದನ್ನು ಕೆಡಿಸುತ್ತವೆ. ಮುಚ್ಚಳ ಬಿಗಿದು ಬೀರುವಿನಲ್ಲಿಡಿ.

ಇನ್ನೊಂದು ಮಾತು. ನಿಮಗೆ ವಾಸನೆ ಬರುತ್ತಿಲ್ಲವೆಂದರೆ ಅದು ಆರಿಹೋಗಿದೆ ಎಂದೇನೂ ಅಲ್ಲ. ಮೂಗು ಒಂದೇ ಪರಿಮಳಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ಮತ್ತೆ ಸಿಂಪಡಿಸುವ ಮುಂಚೆ ಪಕ್ಕದಲ್ಲಿರುವವರನ್ನು ಒಮ್ಮೆ ಕೇಳಿ ನೋಡಿ.