ಕಲಾ ಶಿಕ್ಷಕರ ತರಬೇತಿಯಲ್ಲಿ ಸೃಜನಶೀಲತೆ: ಶಾಂತಿನಿಕೇತನದ ಮಾದರಿ

ಚಿತ್ರಕಲೆಯ ತರಗತಿಯಲ್ಲಿ ಶಿಕ್ಷಕರು ಕಪ್ಪುಹಲಗೆಯ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು ಬರೆಯುತ್ತಾರೆ. ಮಕ್ಕಳೆಲ್ಲರೂ ಅದನ್ನೇ ಬರೆಯುತ್ತಾರೆ. ತನ್ನೂರಿನ ಗುಡ್ಡವನ್ನು ಕಣ್ಣಾರೆ ನೋಡಿ ಬರೆಯಬೇಕೆಂಬ ಹಂಬಲ ಮಗುವಿನಲ್ಲಿ ಅಲ್ಲಿಗೇ ಬತ್ತುತ್ತದೆ. ಆ ಶಿಕ್ಷಕರೂ ಹಾಗೆಯೇ ಕಲಿತು ಬಂದವರು. ನಕಲಿನಿಂದ ಕಲಿತವರು ನಕಲನ್ನೇ ಕಲಿಸುತ್ತಾರೆ. ಆದ್ದರಿಂದ ಮಕ್ಕಳ ಸೃಜನಶೀಲತೆಯ ಪ್ರಶ್ನೆಯು ಮೊದಲಿಗೆ ಶಿಕ್ಷಕರ ತರಬೇತಿಯ ಪ್ರಶ್ನೆಯಾಗಿದೆ.

ಇದಕ್ಕೆ ನಮ್ಮ ದೇಶದಲ್ಲಿಯೇ ಒಂದು ಉತ್ತರ ದೊರೆತಿದೆ. ರವೀಂದ್ರನಾಥ ಠಾಕೂರರು 1919ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನವನ್ನು ಆರಂಭಿಸಿದರು. ಅದನ್ನು ದೀರ್ಘಕಾಲ ಮುನ್ನಡೆಸಿದವರು ನಂದಲಾಲ್ ಬೋಸ್. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರಂತೆ ಅವರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ಪ್ರಕೃತಿ, ಪರಂಪರೆ, ಸ್ವಂತಿಕೆ ಎಂಬ ಮೂರು ಅವರ ಬೋಧನೆಯ ಆಧಾರಸ್ತಂಭಗಳು. ವಿದ್ಯಾರ್ಥಿಗಳು ಬಯಲಿಗೆ, ಹಳ್ಳಿಗಳಿಗೆ ಹೋಗಿ ಗಿಡಮರಗಳನ್ನೂ ದುಡಿಯುವ ಜನರನ್ನೂ ನೋಡಿ ರೇಖಿಸುತ್ತಿದ್ದರು. ಹಬ್ಬಗಳಿಗೆ ನೆಲದ ಮೇಲೆ ಅಲ್ಪನಾ ರಂಗವಲ್ಲಿ ಬಿಡಿಸುತ್ತಿದ್ದರು. ಗೋಡೆಗಳ ಮೇಲೆ ಭಿತ್ತಿಚಿತ್ರ ರಚಿಸುತ್ತಿದ್ದರು. ಕಲೆ ನಿತ್ಯದ ಬದುಕಿನೊಡನೆ ಬೆರೆತಿತ್ತು.

ಗುರು ತಾನೂ ಸೃಷ್ಟಿಕಾರ್ಯದಲ್ಲಿ ತೊಡಗಿರುವುದು ಈ ಮಾದರಿಯ ತಿರುಳು. ನಂದಲಾಲರ ಶಿಷ್ಯರಾದ ಬಿನೋದ್ ಬಿಹಾರಿ ಮುಖರ್ಜಿಯವರು 1946-47ರಲ್ಲಿ ಅಲ್ಲಿನ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಬದುಕನ್ನು ಚಿತ್ರಿಸಿದಾಗ ವಿದ್ಯಾರ್ಥಿಗಳು ನೆರವಾದರು. ಗುರುವು ಯೋಚಿಸುವ, ಅಳಿಸುವ, ನಿರ್ಧರಿಸುವ ಬಗೆಯನ್ನು ಅವರು ಹತ್ತಿರದಿಂದ ಕಂಡರು. ಅವರಲ್ಲಿ ಒಬ್ಬರಾದ ಕೆ.ಜಿ. ಸುಬ್ರಮಣ್ಯನ್ ಮುಂದೆ ಬರೋಡದಲ್ಲಿ ಅಧ್ಯಾಪಕರಾಗಿ, ಕಲಾಮೇಳಗಳಿಗಾಗಿ ತಾವೇ ಆಟಿಕೆಗಳನ್ನು ತಯಾರಿಸಿದರು. ಬಿನೋದ್ ಬಿಹಾರಿಯವರಾದರೋ ಪೂರ್ಣ ದೃಷ್ಟಿ ಕಳೆದುಕೊಂಡ ಮೇಲೂ ಕಲಾರಚನೆಯನ್ನೂ ಬೋಧನೆಯನ್ನೂ ನಿಲ್ಲಿಸಲಿಲ್ಲ.

ನಮ್ಮ ತರಬೇತಿ ಕೇಂದ್ರಗಳು ಇದನ್ನು ಅನುಸರಿಸಲು ಹೆಚ್ಚಿನ ಹಣ ಬೇಕಿಲ್ಲ. ವಾರಕ್ಕೊಂದು ದಿನ ಭಾವೀ ಶಿಕ್ಷಕರನ್ನು ಸಂತೆಗೆ, ಹೊಲಕ್ಕೆ, ಕೆರೆಯಂಗಳಕ್ಕೆ ಕರೆದೊಯ್ಯಬಹುದು. ಕಿನ್ನಾಳದ ಗೊಂಬೆ ಕಲಾವಿದರನ್ನೂ ಊರಿನ ಕುಂಬಾರರನ್ನೂ ಗುರುಗಳಾಗಿ ಆಹ್ವಾನಿಸಬಹುದು. ಮಣ್ಣು, ಸುಣ್ಣ, ಇದ್ದಿಲು, ಎಲೆಗಳಿಂದ ಕೆಲಸ ಮಾಡಿಸಬಹುದು. ಅಂಕ ನೀಡುವಾಗ ಅಂತಿಮ ಚಿತ್ರದೊಡನೆ ಅದಕ್ಕೆ ಮುಂಚಿನ ಪ್ರಯತ್ನಗಳನ್ನೂ ಪರಿಶೀಲಿಸಬೇಕು. ಆಗ ತಪ್ಪುವ ಭಯ ದೂರವಾಗುತ್ತದೆ.

ಕೌಶಲದ ಅಭ್ಯಾಸ ಬೇಡವೆಂದು ಇದರ ಅರ್ಥವಲ್ಲ. ರೇಖೆಯ ಮೇಲೆ ಹಿಡಿತವಿಲ್ಲದವರಿಗೆ ಸ್ವಾತಂತ್ರ್ಯವೂ ಕೈಗೂಡದು. ಆದರೆ ಅಭ್ಯಾಸವು ಸ್ವಂತ ನೋಟಕ್ಕೆ ಬಲ ನೀಡಬೇಕು. ಹಾಗೆ ಬೆಳೆದ ಶಿಕ್ಷಕರು ಮಗುವಿನ ನೀಲಿ ಮರವನ್ನು ಕಂಡೊಡನೆ ತಿದ್ದಲು ಹೊರಡುವುದಿಲ್ಲ. ಮಗು ಏನನ್ನು ಕಂಡಿತೆಂದು ಪ್ರೀತಿಯಿಂದ ಕೇಳುತ್ತಾರೆ.