ನೋತ್ರ್‌ದಾಮಿನ ನಾದಯಂತ್ರ

ಉಸಿರೂದಿದರೆ ಕೊಳಲು ನುಡಿಯುತ್ತದೆ. ಅಂತಹ ಕೊಳಲುಗಳನ್ನು ಸಾವಿರಗಟ್ಟಲೆ ಸಾಲಾಗಿ ನಿಲ್ಲಿಸಿ, ಒಬ್ಬನೇ ವಾದಕನು ನುಡಿಸುವಂತೆ ಮಾಡಿದ ಅದ್ಭುತ ವಾದ್ಯವೇ ಪೈಪ್ ಆರ್ಗನ್. ಪಾಶ್ಚಾತ್ಯ ದೇಶಗಳ ದೊಡ್ಡ ಚರ್ಚುಗಳಲ್ಲಿ ಪ್ರಾರ್ಥನಾ ಸಂಗೀತಕ್ಕೆ ಇದು ಆಧಾರ. ವಾದಕನು ಕೀಲಿಯನ್ನು ಒತ್ತಿದೊಡನೆ ಕವಾಟವೊಂದು ತೆರೆಯುತ್ತದೆ. ಒತ್ತಡದಲ್ಲಿರುವ ಗಾಳಿಯು ಕೊಳವೆಯೊಳಕ್ಕೆ ನುಗ್ಗಿ ನಾದವನ್ನು ಹೊರಡಿಸುತ್ತದೆ. ಒಂದೇ ಬಗೆಯ ಕೊಳವೆಗಳಲ್ಲಿ ಉದ್ದನೆಯದು ಮಂದ್ರ ಸ್ವರವನ್ನೂ ಗಿಡ್ಡನೆಯದು ತಾರ ಸ್ವರವನ್ನೂ ನುಡಿಯುತ್ತದೆ.

ಪ್ಯಾರಿಸ್ ನಗರದ ನೋತ್ರ್‌ದಾಮ್ ಚರ್ಚಿನ ಮಹಾ ಆರ್ಗನ್ ಯಾವನೋ ಒಬ್ಬನ ಕೃತಿಯಲ್ಲ. 1733ರಲ್ಲಿ ಫ್ರಾಂಸ್ವಾ ತಿಯರಿ ಎಂಬ ಕುಶಲಕರ್ಮಿಯು ಅಲ್ಲಿದ್ದ ಹಳೆಯ ವಾದ್ಯವನ್ನು ದೊಡ್ಡದಾಗಿ ಕಟ್ಟಿದನು. ಅದೇ ಶತಮಾನದ ಕೊನೆಯ ಭಾಗದಲ್ಲಿ ಕ್ಲಿಕೋ ಅದನ್ನು ನವೀಕರಿಸಿದನು. 1868ರಲ್ಲಿ ಅರಿಸ್ತೀದ್ ಕವಯೇ-ಕೊಲ್ ಎಂಬ ಮೇಧಾವಿಯು ಹಳೆಯ ಕೊಳವೆಗಳಲ್ಲಿ ಅನೇಕವನ್ನು ಉಳಿಸಿಕೊಂಡೇ ಅದನ್ನು 86 ಸಾಲುಗಳಿಗೆ ವಿಸ್ತರಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ತೂ ಗಣಕಯಂತ್ರವೂ ಅದರ ಸೇವೆಗೆ ಬಂದವು. ಇಂದು ಅದರಲ್ಲಿ 5 ಕೀಲಿಮಣೆಗಳೂ ಸುಮಾರು 8,000 ಕೊಳವೆಗಳೂ ಇವೆ.

2019ರ ಏಪ್ರಿಲ್ 15ರಂದು ಚರ್ಚಿನ ಚಾವಣಿಗೆ ಬೆಂಕಿ ಬಿದ್ದಿತು. ಆರ್ಗನ್ ಸುಡಲಿಲ್ಲ, ಆದರೆ ಚಾವಣಿಯ ಹೊದಿಕೆಯಾಗಿದ್ದ ಸೀಸದ ವಿಷಮಯ ಧೂಳು ಅದರ ಮೇಲೆಲ್ಲ ಕವಿಯಿತು. ಮುಟ್ಟುವುದಕ್ಕೂ ಅಂಜಬೇಕಾದ ಸ್ಥಿತಿಯಲ್ಲಿ ಆ ವಾದ್ಯವು ಮೂಕವಾಯಿತು.

2020ರಲ್ಲಿ ಕುಶಲಕರ್ಮಿಗಳು ಬಹುಪಾಲು ಕೊಳವೆಗಳನ್ನು ಒಂದೊಂದಾಗಿ ಕಳಚಿ, ಗುರುತು ಹಾಕಿ, ಕಾರ್ಯಾಗಾರಗಳಿಗೆ ಸಾಗಿಸಿ ಶುಚಿಗೊಳಿಸಿದರು. 2023ರಲ್ಲಿ ಮರುಜೋಡಣೆ ನಡೆಯಿತು. ಆದರೆ ಜೋಡಿಸಿದ ಮಾತ್ರಕ್ಕೆ ವಾದ್ಯವು ಹಾಡುವುದಿಲ್ಲ. ಕೊಳವೆಯ ಬಾಯಿ ಕೂದಲೆಳೆಯಷ್ಟು ಬದಲಾದರೂ ಅದರ ದನಿ ಬದಲಾಗುತ್ತದೆ. ಶುಚಿಯಾದ ಗೋಡೆಗಳಿಂದ ನಾದವು ಪ್ರತಿಫಲಿಸುವ ರೀತಿಯೂ ಬೇರೆಯಾಗಬಹುದು. ಆದುದರಿಂದ ಶ್ರುತಿಗೊಳಿಸುವ ಕೆಲಸವನ್ನು ಚರ್ಚಿನಲ್ಲಿಯೇ ಮಾಡಬೇಕಾಯಿತು. ಹಗಲೆಲ್ಲ ಅಲ್ಲಿ ಕಟ್ಟಡದ ಕೆಲಸದ ಸದ್ದು! ಹೀಗಾಗಿ 2024ರಲ್ಲಿ ತಿಂಗಳುಗಟ್ಟಲೆ, ಊರು ಮಲಗಿದ ಮೇಲೆ, ಅವರು ಒಂದೊಂದು ಕೊಳವೆಗೂ ಕಿವಿಗೊಟ್ಟು ಅದರ ದನಿಯನ್ನು ತಿದ್ದಿದರು.

ಹಿಂದಿನವರು ಹೊಸ ದನಿಗಳನ್ನು ಸೇರಿಸಿ ಹೆಸರು ಪಡೆದರು. ಈ ಸಲದ ಕುಶಲಕರ್ಮಿಗಳಿಗಾದರೋ ಇದ್ದ ದನಿಯನ್ನು ಕೆಡಿಸದೆ ಮರಳಿ ಪಡೆಯುವುದೇ ಗುರಿಯಾಗಿತ್ತು. ತನ್ನ ಕೈಯ ಗುರುತು ಕಾಣದಂತೆ ದುಡಿಯುವುದಕ್ಕೆ ಹೆಚ್ಚಿನ ಸಂಯಮ ಬೇಕು.

2024ರ ಡಿಸೆಂಬರ್ 7ರಂದು ಚರ್ಚಿನ ಬಾಗಿಲು ತೆರೆಯಿತು. ಮಹಾಧರ್ಮಾಧ್ಯಕ್ಷರು ವಾದ್ಯವನ್ನು ಸಂಬೋಧಿಸಿ ಎಚ್ಚರಗೊಳ್ಳುವಂತೆ ಕರೆದರು. ಐದು ವರ್ಷಗಳಿಗೂ ಮೀರಿದ ಮೌನವನ್ನು ಮುರಿದು ಆರ್ಗನ್ ಓಗೊಟ್ಟಿತು. ಆ ನಾದದಲ್ಲಿ ತಿಯರಿಯಿಂದ ಮೊದಲುಗೊಂಡು ಹೆಸರು ತಿಳಿಯದ ಎಷ್ಟೋ ಕೈಗಳವರೆಗೆ ಎಲ್ಲರ ದುಡಿಮೆಯೂ ಕೂಡಿತ್ತು.